ಐಸಿನ ಮೇಲೆ ಕಾಲುಂಗುರ

ನನ್ನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಿಕೊಂಡರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ. ಅರಿಶಿನಕುಂಟೆಯಿಂದ ಒಳಗೆ ಹೋಗುವ ನಮ್ಮೂರಿನಲ್ಲಿ ಯಾರಿಗೆ ಯಾವ ಅಡ್ಡಹೆಸರಿದ್ದರೂ ಅದರ ಬೇರು ಹುಡುಕುತ್ತಾ ಹೋದರೆ ನಮ್ಮ ಮನೆಯ ಜಗಲಿಗೆ ಬಂದು ನಿಲ್ಲುತ್ತೀರಿ. ಹಬ್ಬದಲ್ಲಿ ಕೊಟ್ಟ ಪಾತ್ರೆಗೆ ಒಂದು ಚಮಚ ಸಕ್ಕರೆಯನ್ನೂ ಹಾಕದೆ ವಾಪಸು ಕಳಿಸುವ ಎದುರುಮನೆಯಾಕೆ ‘ಖಾಲಿ ಡಬರಿ’. ನಾನು ಗುಮಾಸ್ತೆಯಾಗಿರುವ ಕಚೇರಿಯಲ್ಲಿ ಎಲ್ಲರ ಟೇಬಲಿನ ಮೇಲಿನ ಕಾಗದವನ್ನೂ ಬಗ್ಗಿ ನೋಡುವ ಮಹಾಶಯ ‘ಟಾರ್ಚು’. ನಮ್ಮ ಯಜಮಾನರಿಗೂ ಒಂದು ಇಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರು ಇದನ್ನು ಓದುತ್ತಾರೆ.

ಇವುಗಳಲ್ಲಿ ಊರಿಗೆ ಊರೇ ಮೆಚ್ಚಿ ಇಟ್ಟುಕೊಂಡಿದ್ದು ನನ್ನ ವಾರಗಿತ್ತಿಯ ಹೆಸರು. ನನ್ನ ಮೈದುನನ ಕೈಹಿಡಿದು ಅವಳು ನಮ್ಮ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಸೇರು ಒದ್ದು ಒಳಗೆ ಬಂದ ಮಾರನೆಯ ಬೆಳಗ್ಗೆ, ಬಿಂದಿಗೆ ಹಿಡಿದು ಹಿತ್ತಲ ಕಡೆ ಹೊರಟವಳ ನಡಿಗೆ ನನ್ನ ಕಣ್ಣಿಗೆ ಬಿತ್ತು. ಪಾದಗಳೆರಡೂ ಹೊರಕ್ಕೆ ತಿರುಗಿದ್ದವು. ಬರೀ ಹಿಮ್ಮಡಿಯ ಮೇಲೆ ಭಾರ ಹಾಕಿ, ಮೈಯನ್ನು ಅತ್ತ ಇತ್ತ ತೂಗಿಸುತ್ತಾ ಹೋಗುತ್ತಿದ್ದಳು. “ಬಾತುಕೋಳಿ ಬತ್ತು, ದಾರಿ ಬಿಡ್ರಪ್ಪೋ!” ಅಂದೆ. ಮದುವೆಗೆ ಬಂದ ನೆಂಟರು ಇನ್ನೂ ಮನೆತುಂಬ ಇದ್ದರು. ಎಲ್ಲರೂ ನಕ್ಕರು. ನಮ್ಮತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಗೆದ್ದವಳ ಹಾಗೆ ಇನ್ನೆರಡು ಸಲ ಅಂದೆ.

ಹದಿನೈದು ದಿನದೊಳಗೆ ಅವಳ ನಡಿಗೆ ಸರಿಹೋಯಿತು. ಹೆಸರು ಮಾತ್ರ ಹೋಗಲಿಲ್ಲ. ಬಾತುಕೋಳಿ ಬಾಯಿಂದ ಬಾಯಿಗೆ ಸವೆದು ‘ಬಾತಮ್ಮ’ ಆಯಿತು. ಕೇಳುವುದಕ್ಕೆ ಅದು ಹೆತ್ತವರು ಇಟ್ಟ ಹೆಸರಿನ ಹಾಗೇ ಇತ್ತು. ಸೊಪ್ಪಿನವಳು, ಆಮೇಲೆ ಊರಿಗೆ ಬಂದ ಸೊಸೆಯಂದಿರು, ಹಾಲಿನ ಡೇರಿಯವರು ಎಲ್ಲರಿಗೂ ಅವಳು ಬಾತಮ್ಮನೇ. ಯಾರು ಕರೆದರೂ ‘ಆ’ ಅಂತ ಓಗೊಡುತ್ತಿದ್ದಳು. ಬೇಜಾರಾಗುತ್ತದೆ ಎಂದು ಒಂದು ದಿನವೂ ಅವಳು ಹೇಳಲಿಲ್ಲ. ಕೇಳಬೇಕು ಎಂದು ನನಗೂ ಅನ್ನಿಸಲಿಲ್ಲ.

ಐಸಿನ ಸಮಾಚಾರ ಶುರುವಾಗಿದ್ದು ಅವಳ ಮಗಳಿಂದ. ಹುಡುಗಿ ಸೆಕೆಂಡ್ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಏನು ಬೇಕು ಕೇಳು ಎಂದು ನಾನು ದೊಡ್ಡಮ್ಮನ ಗತ್ತಿನಲ್ಲಿ ಅಂದಾಗ, “ಬೆಂಗ್ಳೂರಲ್ಲಿ ಒಂದು ಮಾಲ್‌ನಲ್ಲಿ ಐಸ್ ಸ್ಕೇಟಿಂಗ್ ಐತೆ ದೊಡ್ಡಮ್ಮ. ಕರ್ಕೊಂಡೋಗಿ ಸಾಕು, ಬಟ್ಟೆ ಏನೂ ಬೇಡ” ಎಂದಳು. ನಮ್ಮತ್ತೆಗೆ ಅರ್ಥವಾಗಲಿಲ್ಲ. “ಐಸಾ? ಅದನ್ನ ತಿಂತಾರೆ ಕಣಮ್ಮ, ತುಳೀತಾರಾ?” ಎಂದು ಕೇಳಿದರು. ಆ ದಿನ ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲಿ ಬುದ್ಧಿಯಿದ್ದ ಮಾತು ಅದೊಂದೇ ಎಂದು ನನಗೆ ಆಮೇಲೆ ತಿಳಿಯಿತು.

ಒಂದು ಭಾನುವಾರ ಮೂವರೂ ಹೊರಟೆವು. ಮಾದಾವರದಲ್ಲಿ ಮೆಟ್ರೊ ಹತ್ತಿ, ಇಳಿದು, ಆಟೊ ಹಿಡಿದು ಆ ಮಾಲ್ ಸೇರಿದೆವು. ಐಸಿನ ಅಂಕಣ ಮೇಲಿನ ಮಹಡಿಯಲ್ಲಿತ್ತು. ನಮ್ಮೂರ ಎರಡು ರಾಗಿ ಕಣ ಸೇರಿಸಿದಷ್ಟು ಜಾಗ, ಸುತ್ತಲೂ ಸೊಂಟದೆತ್ತರದ ಗೋಡೆ, ಅದರ ಮೇಲೆ ಗಾಜು. ಒಳಗೆ ಜೋರಾಗಿ ಹಾಡು ಹಾಕಿದ್ದರು. ಬಾಡಿಗೆಯ ಬೂಟುಗಳಿಂದ ಒದ್ದೆ ಕಾಲುಚೀಲದ ವಾಸನೆ ಬರುತ್ತಿತ್ತು. ಹುಡುಗಿ ಒಳಗೆ ಇಳಿದಳು. ನಾನು, ವಾರಗಿತ್ತಿ ಹೊರಗೆ ಗಾಜಿಗೆ ಮೂಗು ಒತ್ತಿಕೊಂಡು ನಿಂತೆವು.

ಐದು ನಿಮಿಷವೂ ಆಗಿರಲಿಲ್ಲ, ನನ್ನ ವಯಸ್ಸಿನ ಒಬ್ಬ ದಪ್ಪನೆಯ ಗಂಡಸು ನಮ್ಮ ಮುಂದೆಯೇ ಕಾಲು ಜಾರಿ ಕೂತ. ಗಾಜಿನ ನಡುವೆ ಬಾಗಿಲು ತೆರೆದಿತ್ತು ಎನ್ನುವುದನ್ನು ನಾನು ಗಮನಿಸಿರಲಿಲ್ಲ. “ನೋಡೇ, ಗೊಬ್ಬರದ ಮೂಟೆ ಇಳಿಸ್ದಂಗೆ ಕೂತ್ಕಂಡ” ಅಂದೆ. ಆತ ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಮೇಲಿನ ಲೈಟುಗಳನ್ನು ನೋಡತೊಡಗಿದೆ.

ಹುಡುಗಿಗೂ ಕೇಳಿಸಿತ್ತು. ಗೋಡೆ ಹಿಡಿದುಕೊಂಡು ಬಂದು ನಿಂತಳು. “ಹೊರಗೆ ನಿಂತ್ಕೊಂಡು ಹೇಳೋದು ಈಸಿ ದೊಡ್ಡಮ್ಮ. ಇಳೀರಿ ನೋಡೋಣ.”

“ಶಿವಗಂಗೆ ಬೆಟ್ಟಾನ ಬರಿಗಾಲಲ್ಲಿ ಹತ್ತಿದೋಳು ಕಣೇ ನಾನು. ಇದೇನು ಮಹಾ, ಸಪಾಟಾಗೈತೆ” ಎಂದೆ.

ಸಪಾಟಾಗಿರುವುದೇ ಅದರ ಮೋಸ. ಆದರೆ ಮಾತು ಬಾಯಿಂದ ಹೊರಬಿದ್ದ ಮೇಲೆ ನಾನು ಹಿಂದೆ ಸರಿದವಳೇ ಅಲ್ಲ. ತಿರುಪತಿಗೆ ಹೋಗುವಾಗ ಹಾಕುವ ಚೂಡಿದಾರದಲ್ಲೇ ಇದ್ದೆ. ಚಳಿ ಇರುತ್ತದೆಂದು ನಮ್ಮ ಯಜಮಾನರ ಉಣ್ಣೆಯ ಕಾಲುಚೀಲ ತಂದಿದ್ದೆ. ಬೂಟು ಕೊಡುವ ಹುಡುಗಿ ನನ್ನ ಪಾದ ನೋಡಿ, “ಆಂಟಿ, ಗೆಜ್ಜೆ, ಕಾಲುಂಗುರ ಎಲ್ಲ ತೆಗೆದುಬಿಡಿ. ಒತ್ತುತ್ತೆ” ಎಂದಳು. ಗೆಜ್ಜೆ ಬಿಚ್ಚಿಕೊಟ್ಟೆ. ಕಾಲುಂಗುರ ಎಂದಾಗ ಮಾತ್ರ ನನಗೆ ಪಿತ್ತ ನೆತ್ತಿಗೇರಿತು. “ನಮ್ಮ ಯಜಮಾನ್ರು ಗುಂಡುಕಲ್ಲಿನಂಗವ್ರೆ ಕಣಮ್ಮ. ಯಾಕ್ ತೆಗೀಲಿ?” ಎಂದು ಹತ್ತು ಜನಕ್ಕೆ ಕೇಳುವಂತೆ ಕೇಳಿದೆ. ನನ್ನದು ಹಳೆಯ ಕಾಲದ ಸುತ್ತು ಕಾಲುಂಗುರ. ಬೆಳ್ಳಿಯ ದಪ್ಪ ತಂತಿ ಬೆರಳಿಗೆ ಮೂರು ಸುತ್ತು. ಮದುವೆಯಾದ ದಿನದಿಂದ ಬೆರಳು ಬಿಟ್ಟು ಕದಲಿಲ್ಲ. ಅದರ ಮೇಲೆ ಉಣ್ಣೆ ಚೀಲ ಎಳೆದು, ಆ ಚೀಲದ ಮೇಲೆ ಇನ್ನೊಂದು ಚೀಲ ಎಳೆದು, ಕಬ್ಬಿಣದಂಥ ಬೂಟಿನೊಳಗೆ ತುರುಕಿ ಕ್ಲಿಪ್ಪು ಹಾಕಿಸಿಕೊಂಡೆ.

ಬಾಗಿಲ ಹತ್ತಿರ ಬಂದು, ಐಸಿನ ಮೇಲೆ ಕಾಲಿಡುವ ಮುಂಚೆ, ಬಗ್ಗಿ ಐಸು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹೊಸ ಜಾಗ ತುಳಿಯುವಾಗ ನಾವು ಹಾಗೆ ಮಾಡುತ್ತೇವೆ. ಹೊಸ ಬಸ್ಸು ಹತ್ತುವಾಗಲೂ ಮಾಡುತ್ತೇನೆ.

“ಗುರು, ಆಂಟಿ ನೋಡ್ಲಾ! ಐಸ್‌ಗೆ ಪೂಜೆ ಮಾಡ್ತಾವ್ರೆ. ಮಂಗಳಾರತಿ ಯಾವಾಗ?”

ಕಾಲೇಜು ವಯಸ್ಸಿನ ಮೂವರು, ಇಬ್ಬರು ಹುಡುಗರು ಒಬ್ಬಳು ಹುಡುಗಿ. ಚೆನ್ನಾಗಿ ಜಾರುತ್ತಿದ್ದರು ಅನ್ನಲೇಬೇಕು. ಒಬ್ಬನಂತೂ ಹಿಂದುಹಿಂದಕ್ಕೆ ಹೋಗುತ್ತಾ ಮುಂದಿನವರ ಮುಖ ನೋಡಿ ಮಾತಾಡುತ್ತಿದ್ದ. ನಾನು ಮುಖ ಗಂಟಿಕ್ಕಿ, ಗೋಡೆಯ ಮೇಲಿನ ಸರಳು ಹಿಡಿದು, ಮೊದಲ ಹೆಜ್ಜೆ ಇಟ್ಟೆ. ಬೂಟಿನ ಮುಂಭಾಗ ಕಾಲುಂಗುರವನ್ನು ಒತ್ತಿ ಹಿಡಿಯಿತು. ಎರಡೂ ಬೆರಳಿನಿಂದ ಮಂಡಿಯವರೆಗೆ ನೋವು ಹತ್ತಿತು. ಬೆರಳಿನ ಮೇಲೆ ಭಾರ ಬೀಳಬಾರದೆಂದು ಪಾದ ಹೊರಕ್ಕೆ ತಿರುಗಿಸಿದೆ. ಹಿಮ್ಮಡಿಯ ಮೇಲೆ ನಿಂತೆ. ಮೈ ಅತ್ತ ಒಂದು ಸಲ, ಇತ್ತ ಒಂದು ಸಲ ತೂಗಿತು. ಹೀಗೇ ನಾಲ್ಕು ಹೆಜ್ಜೆ.

“ಪೆಂಗ್ವಿನ್!” ಎಂದ ಹಿಂದುಹಿಂದಕ್ಕೆ ಜಾರುವವನು. “ಪೆಂಗ್ವಿನ್ ಆಂಟಿ!”

ಕಸುಬುದಾರಳಾಗಿ ಒಪ್ಪಿಕೊಳ್ಳುತ್ತೇನೆ, ಹೆಸರು ಚೆನ್ನಾಗಿತ್ತು. ಚಿಕ್ಕದು, ಕೂಗುವುದಕ್ಕೆ ಸುಲಭ, ಆಳಿಗೆ ತಕ್ಕದ್ದು. ನಾನಾಗಿದ್ದರೂ ಅದನ್ನೇ ಇಡುತ್ತಿದ್ದೆ. ಆದರೆ ಒಪ್ಪಿಕೊಂಡಿದ್ದು ಈಗ, ಬರೆಯುವಾಗ. ಆಗ ನನ್ನ ಮೈಯೆಲ್ಲ ಉರಿಯಿತು. ಕಚೇರಿಯಲ್ಲಿ ನನ್ನ ಎದುರು ನಿಂತು ಮಾತಾಡಲು ದೊಡ್ಡ ದೊಡ್ಡವರು ಯೋಚನೆ ಮಾಡುತ್ತಾರೆ. ಇವನಿಗೆ ಹೇಳಲು ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಅವನು ಮತ್ತೆ ಹತ್ತಿರ ಬಂದಾಗ, “ಏನಲಾ ಅಂದೆ?” ಎಂದು ಬೆರಳು ತೋರಿಸಿದೆ.

ಬೈಯಬೇಕಾದರೆ ಬೆರಳು ತೋರಿಸಬೇಕು, ಅದು ನನ್ನ ಅಭ್ಯಾಸ. ಬೆರಳು ತೋರಿಸಬೇಕಾದರೆ ಸರಳಿನಿಂದ ಕೈ ತೆಗೆಯಬೇಕು. ತೆಗೆದೆ. ‘ಅಂದೆ’ ಎನ್ನುವಷ್ಟರಲ್ಲಿ ನನ್ನ ಕಾಲುಗಳೆರಡೂ ಮೇಲಿದ್ದವು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗೆ ಹೇಳಿಕೊಳ್ಳಲು ನನಗೆ ಮೀಸೆ ಇಲ್ಲ. ಚೂಡಿದಾರದ ಹಿಂಭಾಗವೆಲ್ಲ ಒದ್ದೆಯಾಯಿತು. ಏಳಲು ನೋಡಿದರೆ ಬೂಟು ಒಂದು ಕಡೆ, ನಾನು ಒಂದು ಕಡೆ. ಆ ಮೂವರಲ್ಲಿದ್ದ ಹುಡುಗಿ ಮೊಬೈಲು ಎತ್ತಿ ಹಿಡಿದಿದ್ದಳು. ಒಳಗೆ ಹಾಕಿದ್ದ ಹಾಡಿನ ತಾಳಕ್ಕೆ ಹುಡುಗರು “ಪೆಂಗ್ವಿನ್, ಪೆಂಗ್ವಿನ್” ಎಂದು ಚಪ್ಪಾಳೆ ತಟ್ಟಿದರು. ಆಗ ಯಾರೋ ಪಕ್ಕದಲ್ಲಿ ಬಂದು ನಿಂತು ಕೈ ಚಾಚಿದರು. ಆ ದಪ್ಪನೆಯ ಮನುಷ್ಯ.

“ಗೊಬ್ಬರದ ಮೂಟೆ ಎತ್ಲಾ ಮೇಡಂ?” ಎಂದರು, ಬಹಳ ವಿನಯದಿಂದ.

ಕೈ ಕೊಟ್ಟೆ. ಇನ್ನೇನು ಮಾಡಲಿ? ಎತ್ತಿ ಸರಳಿಗೆ ತಗುಲಿಸಿ ಹೋದರು. ಅವರ ಮುಖ ನೋಡಿ ಥ್ಯಾಂಕ್ಸ್ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಆ ಹುಡುಗರ ನಗು ನನಗೆ ದೊಡ್ಡದಾಗಿರಲಿಲ್ಲ. ಅವರು ಯಾರೋ, ನಾನು ಯಾರೋ. ನನಗೆ ಹೆದರಿಕೆ ಹುಟ್ಟಿಸಿದ್ದು ಗಾಜಿನ ಆಚೆ ನಿಂತಿದ್ದವಳು. ನನ್ನ ವಾರಗಿತ್ತಿ ಎಲ್ಲವನ್ನೂ ನೋಡಿದ್ದಾಳೆ, ‘ಪೆಂಗ್ವಿನ್’ ಎಂಬ ಹೆಸರನ್ನು ತನ್ನ ಕಿವಿಯಾರೆ ಕೇಳಿದ್ದಾಳೆ. ನಾಳೆ ಬೆಳಗ್ಗೆ ಡೇರಿಯಲ್ಲಿ ಇಪ್ಪತ್ತು ಹೆಂಗಸರ ನಡುವೆ ಅವಳು ಒಂದೇ ಒಂದು ಸಲ ಆ ಹೆಸರು ಅಂದರೆ ಸಾಕು. ನಮ್ಮೂರಿನಲ್ಲಿ ನನ್ನ ಕಥೆ ಮುಗಿಯಿತು. ನನ್ನಿಂದ ಹೆಸರಿಡಿಸಿಕೊಂಡವರೆಲ್ಲ ಕಾದು ಕೂತಿದ್ದಾರೆ. ಅವಳ ಜಾಗದಲ್ಲಿ ನಾನಿದ್ದರೆ ಮೆಟ್ರೊದಲ್ಲಿಯೇ ಫೋನು ಮಾಡಿ ಹೇಳಿರುತ್ತಿದ್ದೆ. ಅವಳು ನಗುತ್ತಿದ್ದಾಳೋ ಎಂದು ಕಳ್ಳಿಯ ಹಾಗೆ ತಿರುಗಿ ನೋಡಿದೆ.

ಅವಳು ನಗುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ, ನನ್ನ ಪಾದ ನೋಡುತ್ತಿದ್ದಳು. ಕೈಯಾಡಿಸಿ ‘ಬನ್ನಿ’ ಎಂದು ಕರೆದಳು.

ಸರಳು ಹಿಡಿದು ಬಾಗಿಲವರೆಗೆ ಬರಲು ಹಿಡಿದ ಹೊತ್ತಿನಲ್ಲಿ ನಮ್ಮೂರಿನಿಂದ ನೆಲಮಂಗಲಕ್ಕೆ ನಡೆದುಬಿಡಬಹುದಿತ್ತು. ಬೆಂಚಿನ ಮೇಲೆ ಕುಸಿದೆ. ಅವಳು ಬ್ಯಾಗುಗಳನ್ನು ಪಕ್ಕಕ್ಕಿಟ್ಟು, ನನ್ನ ಮುಂದೆ ನೆಲದ ಮೇಲೆ ಕೂತು, ಬೂಟಿನ ಕ್ಲಿಪ್ಪು ಬಿಚ್ಚಿದಳು.

“ಕಾಲುಂಗುರ ಕಚ್ಚೈತೆ ಅಲ್ವಾ ಅಕ್ಕ?”

“ನಿಂಗೆಂಗೆ ಗೊತ್ತಾಯ್ತು?”

“ನಡಿಗೇಲೇ ಗೊತ್ತಾಗ್ತದೆ.”

ಕಾಲುಚೀಲ ಎಳೆದಾಗ ಬಲಗಾಲಿನ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸುತ್ತಿನ ಅಂಚು ಕೊಯ್ದು ಸ್ವಲ್ಪ ರಕ್ತವೂ ಬಂದಿತ್ತು. ಅವಳು ತನ್ನ ತಲೆಗೂದಲನ್ನು ಬೆರಳಿನಿಂದ ಸವರಿ, ಅಂಟಿದ ಕೊಬ್ಬರಿ ಎಣ್ಣೆಯನ್ನು ನನ್ನ ಬೆರಳಿಗೆ ಹಚ್ಚತೊಡಗಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

“ತೆಗೀಬಾರ್ದು ಕಣೇ. ಅಪಶಕುನ.”

“ಭಾವ ಮನೇಲಿ ಬಾಡೂಟ ಮಾಡ್ಕೊಂಡು ಮಲಗಿರ್ತಾರೆ. ಏನೂ ಆಗಲ್ಲ, ಕಾಲು ಕೊಡಿ” ಎಂದು ಪಾದ ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಎಣ್ಣೆ ಹಚ್ಚಿ ಹಚ್ಚಿ, ಒಂದೊಂದೇ ಸುತ್ತು ತಿರುಗಿಸಿ ಬಿಡಿಸುತ್ತಾ, ತಲೆಯೆತ್ತದೆ ಮಾತಾಡಿದಳು. “ನಂಗೂ ಹಿಂಗೇ ಆಗಿತ್ತು. ಧಾರೆ ದಿನ ನಿಮ್ಮ ಕಡೆಯಿಂದ ತಂದು ಹಾಕಿದ್ರಲ್ಲ, ಸುತ್ತು ಕಾಲುಂಗುರ, ಬೋ ಬಿಗಿ. ಬೆರಳು ಊದ್ಕಂಡು ನೆಲಕ್ಕೆ ಊರಕ್ಕಾಗ್ತಿರ್ಲಿಲ್ಲ. ಅತ್ತೇನ ಕೇಳಿದ್ರೆ ಹೊಸ ಮದ್ಲಗಿತ್ತಿ ತೆಗೀಬಾರ್ದು ಅಂದ್ರು. ನಮ್ಮನೆಗೆ ಹೋದಾಗ ನಮ್ಮಪ್ಪ ಆಚಾರ್ರನ್ನ ಕರೆಸಿ ಕತ್ತರಿಸಿ ತೆಗೆಸಿದ್ರು.”

ನಾನು ಮತ್ತೆ ಮೇಲಿನ ಲೈಟುಗಳನ್ನು ನೋಡತೊಡಗಿದೆ.

ಯಾಕೆಂದು ಹೇಳುತ್ತೇನೆ. ಹೆಣ್ಣಿನ ಬೆರಳಿಗೆ ದಾರ ಸುತ್ತಿ ಅಳತೆ ತಂದು ಅಕ್ಕಸಾಲಿಗರಿಗೆ ಕೊಡುವುದು ನಮ್ಮಲ್ಲಿ ರೂಢಿ. ಹಿರಿಯ ಸೊಸೆಯೆಂದು ಅತ್ತೆ ಆ ಕೆಲಸ ನನಗೆ ವಹಿಸಿದ್ದರು. ಹೆಣ್ಣಿನ ಊರು ದೊಡ್ಡಬಳ್ಳಾಪುರದ ಆಚೆ. ಒಂದು ದಾರದ ತುಂಡಿಗಾಗಿ ಎರಡು ಬಸ್ಸು ಬದಲಾಯಿಸಿ ಯಾರು ಹೋಗುತ್ತಾರೆ ಎಂದುಕೊಂಡೆ. ನೆಲಮಂಗಲದ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ನನ್ನ ಬೆರಳನ್ನೇ ಚಾಚಿ, “ಇದೇ ಅಳತೆ” ಅಂದುಬಿಟ್ಟೆ. ನನ್ನ ಬೆರಳು ತೆಳ್ಳಗಿದೆ ಎಂದು ಅಕ್ಕಸಾಲಿಗರು ಹೊಗಳಿದ್ದು ಬೇರೆ ನನಗೆ ಖುಷಿಯಾಗಿತ್ತು. ಹೊಲದಲ್ಲಿ ಬೆಳೆದ ಹುಡುಗಿಯ ಬೆರಳು ನನ್ನದಕ್ಕಿಂತ ದಪ್ಪ ಇರಬಹುದು ಎಂದು ಹೊಳೆಯಲೇ ಇಲ್ಲ. ಅವಳ ಕಾಲನ್ನು ಡೊಂಕು ಮಾಡಿದವಳೂ ನಾನೇ, ಡೊಂಕು ಎಂದು ಕೂಗಿ ನಗಿಸಿದವಳೂ ನಾನೇ.

ಕಾಲುಂಗುರ ಎರಡೂ ಹೊರಬಂದವು. ಅವನ್ನು ಅವಳು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕರ್ಚೀಫು ಹರಿದು ಬೆರಳಿಗೆ ಸುತ್ತಿದಳು. ನಾನು ಚಪ್ಪಲಿಗೆ ಕೈಚಾಚಿದೆ. ಅವಳು ಬೂಟು ಮುಂದೆ ತಳ್ಳಿದಳು.

“ಹೋಗಿ ಒಂದು ಸುತ್ತು ಹಾಕ್ಕೊಂಡು ಬನ್ನಿ.”

“ಸಾಕು ಕಣೇ ತಾಯಿ, ಆಗಿದ್ದೇ ಸಾಕು.”

“ಹೋಗಿ ಅಕ್ಕ. ಈಗ ಎದ್ದು ಬಂದ್ಬಿಟ್ರೆ ಆ ಹೆಸ್ರೇ ಉಳ್ಕೊಂಡ್ಬಿಡ್ತದೆ.”

ಕೋಪದಿಂದ ಹೇಳಿದ್ದಲ್ಲ, ಕುಟುಕಿದ್ದೂ ಅಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವ ಹಾಗೆ ಹೇಳಿದಳು. ನಾನು ತೆಪ್ಪಗೆ ಬೂಟು ಹಾಕಿಕೊಂಡು ಹೋದೆ.

ಆ ಸುತ್ತಿನ ಬಗ್ಗೆ ಜಂಬ ಕೊಚ್ಚಲು ಏನೂ ಇಲ್ಲ. ಸರಳು ಬಿಡಲಿಲ್ಲ. ಪಾದಗಳು ಮಾತ್ರ ನೆಟ್ಟಗೆ ಮುಂದಕ್ಕೆ ಹೋದವು. ಆ ಮೂವರು ಎದುರಾದಾಗ ಬೆಪ್ಪುತಕ್ಕಡಿಯ ಹಾಗೆ ಎದೆ ಸೆಟೆಸಿಕೊಂಡೆ. ಅವರು ನನ್ನನ್ನು ಗಮನಿಸಲೂ ಇಲ್ಲ. ಆ ಹೊತ್ತಿಗೆ ಕೆಂಪು ಟೋಪಿಯ ಒಬ್ಬನನ್ನು ಹಿಡಿದುಕೊಂಡಿದ್ದರು, ಅವನಿಗೆ ಬೇರೆ ಹೆಸರು. ನನ್ನ ಹೆಸರಿನ ಆಯಸ್ಸು ಇಪ್ಪತ್ತು ನಿಮಿಷ. ನನಗೆ ಬಿಟ್ಟು ಹೋಗಲು ಒಂದು ಬಾಗಿಲಿತ್ತು, ಹೋಗಲು ಬೇರೆ ಊರಿತ್ತು. ಅವಳಿಗೆ ಇದ್ದಿದ್ದು ನಮ್ಮ ಮನೆಯೊಂದೇ, ಹೆಸರಿಟ್ಟವಳೂ ಅದೇ ಮನೆಯಲ್ಲಿದ್ದಳು.

ವಾಪಸು ಬರುವಾಗ ಮೆಟ್ರೊದಲ್ಲಿ ಸೀಟು ಸಿಕ್ಕಿತು. ಹುಡುಗಿ ದೂರದಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ನಿಂತಿದ್ದಳು. ನಾಲ್ಕು ಸ್ಟೇಷನ್ ಆಗುವವರೆಗೆ ಮಾತು ನುಂಗಿ ನುಂಗಿ, ಕೊನೆಗೆ ಹೇಳಿದೆ.

“ಆ ಕಾಲುಂಗುರದ ಅಳತೆ ನಂದು ಕಣೆ. ನಿಮ್ಮೂರಿಗೆ ಬಂದು ದಾರದ ಅಳತೆ ತಗೋಬೇಕಾಗಿತ್ತು. ಬರ್ಲಿಲ್ಲ. ನನ್ನ ಬೆರಳೇ ತೋರ್ಸಿ ಬಂದೆ.”

“ಗೊತ್ತು ಅಕ್ಕ” ಎಂದಳು. “ಬಂದ ದಿನಾನೇ ನಿಮ್ಮ ಕಾಲು ನೋಡಿದ್ದೆ. ಒಂದೇ ಕೆಲಸ, ಒಂದೇ ಅಳತೆ.”

“ಮತ್ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?”

ಅವಳು ಸೆರಗಿನ ಗಂಟು ಬಿಚ್ಚಿ ಕಾಲುಂಗುರಗಳನ್ನು ನನ್ನ ಅಂಗೈಗೆ ಹಾಕಿದಳು. “ಹೇಳಿದ್ರೆ ಅದಕ್ಕೂ ಒಂದು ಹೆಸ್ರಿಡ್ತಿದ್ರಿ.”

ಹೌದು, ಇಡುತ್ತಿದ್ದೆ. ಏನು ಇಡುತ್ತಿದ್ದೆ ಎನ್ನುವುದೂ ಆ ಕ್ಷಣದಲ್ಲಿ ತಾನಾಗಿ ಹೊಳೆಯಿತು, ಅಂಥ ಹಾಳು ತಲೆ ನನ್ನದು. ನಾಚಿಕೆಯಾಯಿತು. ಉಳಿದ ದಾರಿಯುದ್ದಕ್ಕೂ ಕಿಟಕಿ ನೋಡಿದೆ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. “ಎಂಗಿತ್ತಮ್ಮ ಐಸು?” ಎಂದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ. ವಾರಗಿತ್ತಿ ಬ್ಯಾಗು ಇಳಿಸುತ್ತಾ, “ಅಕ್ಕ ಚೆನ್ನಾಗಿ ಆಡಿದ್ರು ಅತ್ತೆ. ಒಂದು ಸುತ್ತು ಪೂರ್ತಿ ಬಂದ್ರು” ಎಂದಳು. ಅಷ್ಟೇ. ಮಗಳು ಏನೋ ಹೇಳಲು ಬಾಯಿ ತೆರೆದಳು, ತಾಯಿ ಒಂದು ಸಲ ನೋಡಿದ ಮೇಲೆ ಮುಚ್ಚಿಕೊಂಡಳು.

“ನೀನು ಇಳೀಲಿಲ್ವಾ ಬಾತಮ್ಮ?” ಎಂದು ಅತ್ತೆ ಕೇಳಿದರು.

“ಇಲ್ಲ ಅತ್ತೆ” ಎಂದು ಅವಳು ಎಂದಿನ ಹಾಗೆ ಓಗೊಟ್ಟು ಒಳಗೆ ಹೋದಳು. ಪ್ರತಿದಿನ ಹತ್ತು ಸಲ ಕೇಳಿದ ಹೆಸರು. ಅವತ್ತು ನನ್ನ ಕಿವಿಗೆ ಬಿದ್ದಾಗ, ಆ ಐಸಿನ ಮೇಲಿನ ಚಪ್ಪಾಳೆ ಮತ್ತೆ ಕೇಳಿಸಿತು.

ಮರುದಿನ ಬೆಳಗ್ಗೆ ನಾನೇ ಡೇರಿಯ ಕಡೆ ಹೊರಟೆ. ಕಚೇರಿಗೆ ಹೋಗುವವಳು ನಾನು, ಹಾಲು ಹಾಕುವುದು ಅವಳ ಕೆಲಸ. ಅವಳು ಆಗಲೇ ಕ್ಯಾನು ಹಿಡಿದು ಇಪ್ಪತ್ತು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಪಾದ ನೆಟ್ಟಗೆ ಇಟ್ಟು, ಚುರುಕಾಗಿ, ಯಾರೂ ಏನೂ ಅನ್ನಲಾಗದ ನಡಿಗೆ. ಬೆರಳಿನ ಬಟ್ಟೆ ಚಪ್ಪಲಿಗೆ ಸಿಕ್ಕಿ ಕುಂಟುತ್ತಿದ್ದವಳು ನಾನು. ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ ಅವಳ ಹೆಸರನ್ನು ನೆನಪಿಸಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ಬಾಯಿಬಿಟ್ಟು ಅಂದಿರಲಿಲ್ಲ. ನಾಲಿಗೆಗೆ ಹೊಸದೆನಿಸಿತು. ಕೂಗಿದೆ.

ಅವಳು ನಡೆಯುತ್ತಲೇ ಇದ್ದಳು. ಇನ್ನೂ ಜೋರಾಗಿ ಕೂಗಿದೆ.

ಎದುರುಮನೆಯಾಕೆ ಬಾಗಿಲಿಗೆ ನೀರು ಹಾಕುತ್ತಿದ್ದವಳು ನಿಂತು ನೋಡಿದಳು. ಅವಳ ಅಡ್ಡಹೆಸರು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. “ಅದ್ಯಾರವ್ವ ಅದು?” ಎಂದು ಕೇಳಿದಳು. “ಯಾರ ಮನೆ ನೆಂಟ್ರು?”

“ನಮ್ಮನೆಯೋಳೇ” ಎಂದು ಹೇಳಿ, ಮೂರನೆಯ ಸಲ ಕೂಗಿದೆ. ಅವಳು ನಿಂತಳು. ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ತಿರುಗಿದಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡಿದಳು.